ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ ಅಂತ ಕೇಳುವವರಿಗೆ

ಶಿಡ್ಲಘಟ್ಟದ ಹತ್ತಿರ ಒಂದು ರೇಷ್ಮೆ ಬಿತ್ತನೆ ಕೋಠಿಯಲ್ಲಿ, ಅಂದರೆ ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸಿ ಮಾರುವ ಕಡೆ, ನನ್ನ ಕೆಲಸ. ದಿನದ ಬಹುಪಾಲು ಸೂಕ್ಷ್ಮದರ್ಶಕದ ಮುಂದೆಯೇ ಕಳೆಯುತ್ತದೆ. ಮೊಟ್ಟೆ ಕೊಳ್ಳಲು ಬರುವ ರೈತರು, ಗೂಡು ಮಾರಿ ವಾಪಸ್ ಹೋಗುತ್ತಾ ಇಣುಕುವವರು, ಹಬ್ಬಕ್ಕೆ ಬಂದ ನೆಂಟರು, ಎಲ್ಲರೂ ಕೇಳೋದು ಒಂದನ್ನೇ. "ಅಣ್ಣಾ, ಇದರಲ್ಲಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ?"

600 ಪಟ್ಟು ಅಂತೀನಿ. ಮುಖ ಸಪ್ಪಗಾಗುತ್ತದೆ. ಲಕ್ಷ ಅಂತ ಹೇಳಬೇಕಿತ್ತೇನೋ.

ಹೋದ ಬೇಸಿಗೆಯಲ್ಲಿ ಅಕ್ಕನ ಮಗ ಆನ್‌ಲೈನಿನಲ್ಲಿ ಒಂದು ಪ್ಲಾಸ್ಟಿಕ್ ಸೂಕ್ಷ್ಮದರ್ಶಕ ತರಿಸಿದ. ಡಬ್ಬಿ ಮೇಲೆ 1200 ಅಂತ ದಪ್ಪಕ್ಷರದಲ್ಲಿ ಬರೆದಿತ್ತು. "ಮಾವಾ, ನಿಮ್ದು ನನ್ನದರಲ್ಲಿ ಅರ್ಧ ಅಷ್ಟೇ" ಅಂದ. ಡಬ್ಬಿ ಸಮೇತ ಕೋಠಿಗೆ ಬಾ ಅಂದೆ. ಪೆಬ್ರಿನ್ ಅಂತ ರೇಷ್ಮೆ ಹುಳುವಿಗೆ ಬರುವ ಒಂದು ರೋಗ. ಕಲಿಯುವವರಿಗೆ ತೋರಿಸಲು ಇಟ್ಟಿದ್ದ ಅದರ ಸ್ಲೈಡನ್ನು ಎರಡರಲ್ಲೂ ನೋಡಿದೆವು. ನಮ್ಮ ಹಳೇ ಕಬ್ಬಿಣದ ಯಂತ್ರದಲ್ಲಿ ರೋಗದ ಕಣಗಳು ಒಂದೊಂದಾಗಿ, ಅಂಚು ಸಮೇತ ಕಂಡವು. ಅವನದರಲ್ಲಿ ದೊಡ್ಡದಾಗಿಯೇನೋ ಕಂಡಿತು, ಆದರೆ ಹಬೆ ಹಿಡಿದ ಕನ್ನಡಕದಲ್ಲಿ ನೋಡಿದ ಹಾಗೆ. ಎರಡು ಕಣ ಅಕ್ಕಪಕ್ಕ ಇದ್ದ ಕಡೆ ಒಂದೇ ಮುದ್ದೆ.

ಅಲ್ಲಿದೆ ನೋಡಿ ನನ್ನ ಉತ್ತರ. ಎಷ್ಟು ಪಟ್ಟು ಅನ್ನೋದಕ್ಕಿಂತ, ಹತ್ತಿರ ಹತ್ತಿರ ಇರುವ ಎರಡು ಚುಕ್ಕೆಗಳನ್ನು ಎರಡು ಅಂತಲೇ ತೋರಿಸುತ್ತಾ ಅಂತ ಕೇಳಬೇಕು. ಇದಕ್ಕೆ ರೆಸಲ್ಯೂಷನ್ ಅಂತಾರೆ. ನಂದಿ ಬೆಟ್ಟದ ತುದಿಯಿಂದ ಸಂಜೆ ಹೊತ್ತು ಮೊಬೈಲಿನಲ್ಲಿ ಕೆಳಗಿನ ಊರಿನ ದೀಪಗಳ ಫೋಟೋ ತೆಗೆಯಿರಿ. ಆಮೇಲೆ ಎರಡು ಬೆರಳಲ್ಲಿ ಎಳೆದು ದೊಡ್ಡದು ಮಾಡಿ. ಬೆಳಕಿನ ಉಂಡೆ ದೊಡ್ಡದಾಗುತ್ತದೆ, ಒಳಗಿರೋದು ಲಾರಿಯಾ ಸ್ಕೂಟರಾ ಅಂತ ತಿಳಿಯಲ್ಲ. ಪ್ಲಾಸ್ಟಿಕ್ ಯಂತ್ರದ 1200 ಅಂದರೆ ಹಾಗೆ ಎಳೆದದ್ದು.

ಸ್ಲೈಡಿನ ಹತ್ತಿರಕ್ಕೆ ಬರುವ ಮಸೂರಕ್ಕೆ ನಾವು ಆಬ್ಜೆಕ್ಟಿವ್ ಅಂತೀವಿ. ಅದರ ಮೈಮೇಲೆ ಸಣ್ಣಗೆ ಕೆತ್ತಿರೋದನ್ನು ಓದಿ. ನನ್ನದರಲ್ಲಿ 40, ಅದರ ಪಕ್ಕ 0.65, ಕೆಳಗೆ 160 ಮತ್ತು 0.17 ಅಂತಿದೆ. 40 ಅಂದರೆ ಪಟ್ಟು. 160 ಕೊಳವೆಯ ಉದ್ದ, ಮಿಲಿಮೀಟರ್ ಲೆಕ್ಕದಲ್ಲಿ. 0.17 ಅಂದರೆ ಮೇಲೆ ಮುಚ್ಚುವ ಕವರ್ ಸ್ಲಿಪ್ ಎಷ್ಟು ಮಿಲಿಮೀಟರ್ ದಪ್ಪ ಇರಬೇಕು ಅಂತ. ಅಸಲಿ ವಿಷಯ ಇರೋದು 0.65ರಲ್ಲಿ. ಅದು ನ್ಯೂಮರಿಕಲ್ ಅಪರ್ಚರ್, ಬಾಯಿಮಾತಿನಲ್ಲಿ ಎನ್.ಎ. ಸ್ಲೈಡಿನಿಂದ ಓರೆಯಾಗಿ ಚೆದುರುವ ಬೆಳಕನ್ನು ಮಸೂರ ಎಷ್ಟು ಅಗಲಕ್ಕೆ ಬಾಯಿ ತೆರೆದು ಹಿಡಿಯುತ್ತೆ ಅನ್ನೋದರ ಅಳತೆ.

ಎರಡು ಚುಕ್ಕೆ ಎಷ್ಟು ಹತ್ತಿರ ಬರುವವರೆಗೆ ಎರಡಾಗಿಯೇ ಕಾಣುತ್ತವೆ ಅನ್ನೋದಕ್ಕೆ ಒಂದು ಮಿತಿ ಇದೆ. ಜರ್ಮನಿಯ ವಿಜ್ಞಾನಿ ಅರ್ನ್ಸ್ಟ್ ಅಬ್ಬೆ 1873ರಲ್ಲಿ ಅದನ್ನು ಕಂಡುಕೊಂಡರು. ಯೇನಾ ಊರಿನಲ್ಲಿರುವ ಅವರ ಸ್ಮಾರಕದ ಕಲ್ಲಿನ ಮೇಲೆ ಆ ಸೂತ್ರವನ್ನೇ ಕೆತ್ತಿದ್ದಾರೆ. ಬೆಳಕಿನ ತರಂಗದ ಉದ್ದವನ್ನು ಎನ್.ಎ.ಯ ಎರಡರಷ್ಟರಿಂದ ಭಾಗಿಸಿ, ಅಷ್ಟೇ. ಹಸಿರು ಬೆಳಕಿನ ತರಂಗದ ಉದ್ದ 0.55 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). 0.65 ಎನ್.ಎ.ಗೆ ಲೆಕ್ಕ ಹಾಕಿದರೆ ಸುಮಾರು 0.42 ಮೈಕ್ರಾನ್ ಬರುತ್ತದೆ. ಅದಕ್ಕಿಂತ ಹತ್ತಿರ ಇರುವ ಎರಡು ಚುಕ್ಕೆ ಒಂದಾಗಿಬಿಡುತ್ತವೆ. ಎನ್.ಎ.ಯನ್ನು 1000ದಿಂದ ಗುಣಿಸಿದರೆ ಎಷ್ಟು ಬರುತ್ತೋ, ಹೆಚ್ಚುಕಮ್ಮಿ ಅಷ್ಟು ಪಟ್ಟಿನವರೆಗೆ ಮಾತ್ರ ದೊಡ್ಡದು ಮಾಡಿ ಪ್ರಯೋಜನ. ನನ್ನದಕ್ಕೆ 650. ಕಣ್ಣಿಡುವ ಕಡೆಯ ಐಪೀಸ್ 15 ಪಟ್ಟು, ಆಬ್ಜೆಕ್ಟಿವ್ 40, ಒಟ್ಟು 600. ಕೋಠಿಗಳಲ್ಲಿ 600 ಅನ್ನೋದು ಸುಮ್ನೆ ಬಂದದ್ದಲ್ಲ.

ಪೆಬ್ರಿನ್ ಕಣ ಮೂರು-ನಾಲ್ಕು ಮೈಕ್ರಾನ್ ಉದ್ದ, ಎರಡು ಮೈಕ್ರಾನ್ ಅಗಲ. ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುವ ರೋಗ ಇದು. ಅದಕ್ಕೇ ಮೊಟ್ಟೆ ಇಟ್ಟಾದ ಮೇಲೆ ಚಿಟ್ಟೆಯನ್ನು ಪೊಟ್ಯಾಷ್ ದ್ರಾವಣದಲ್ಲಿ ಅರೆದು, ಒಂದು ಹನಿ ಸ್ಲೈಡಿಗೆ ಹಾಕಿ ನೋಡುತ್ತೇವೆ. ಕಣ ಸಿಕ್ಕರೆ ಆ ಮೊಟ್ಟೆಗಳನ್ನು ಸುಡಬೇಕು. ದಾರಿ ಹಾಕಿಕೊಟ್ಟವರು ಲೂಯಿ ಪಾಶ್ಚರ್. 1865ರಲ್ಲಿ ಫ್ರಾನ್ಸಿನ ದಕ್ಷಿಣಕ್ಕೆ ಹೋಗಿ ರೇಷ್ಮೆ ಹುಳುವಿನ ಮುಂದೆ ವರ್ಷಗಟ್ಟಲೆ ಕೂತರು. ಅವರು ಹುಚ್ಚುನಾಯಿ ಕಡಿತದ ಲಸಿಕೆಗೆ ಕೈಹಾಕಿದ್ದು ಇದಾದ ಎಷ್ಟೋ ವರ್ಷಕ್ಕೆ. ನಮ್ಮ ಕಡೆ ರೇಷ್ಮೆಯವರು ಇದನ್ನು ಇನ್ನೂ ಸ್ವಲ್ಪ ಜಂಬದಿಂದ ಹೇಳಿಕೊಳ್ಳಬಹುದು.

ಇನ್ನೊಂದು ತೊಂದರೆ ಇದೆ. ಬಿಡಿಸಿ ತೋರಿಸಿದರೆ ಸಾಲದು, ಕಾಣಬೇಕಲ್ವಾ? ನೀರಿನೊಳಗಿನ ಕಣ ನೀರಿನಂತೆಯೇ ಪಾರದರ್ಶಕ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಇಲ್ಲೇ ಎಡವಿದ್ದು. ಸ್ಲೈಡಿನ ಕೆಳಗೆ ಬೆಳಕನ್ನು ಕೂಡಿಸಿ ಮೇಲೆ ಕಳಿಸುವ ಕಂಡೆನ್ಸರ್ ಅನ್ನೋ ಮಸೂರ ಇರುತ್ತದೆ, ಅದಕ್ಕೆ ಡಯಾಫ್ರಮ್ ಅಂತ ಒಂದು ಬೆಳಕಿನ ಬಾಗಿಲಿರುತ್ತದೆ. ಅದನ್ನು ಮುಚ್ಚುತ್ತಾ ಹೋದರೆ ಎಲ್ಲದಕ್ಕೂ ಕಪ್ಪು ಅಂಚು ಬಂದು ಎದ್ದು ಕಾಣುತ್ತದೆ. ಖುಷಿಯಾಗಿ ಪೂರ್ತಿ ಮುಚ್ಚಿಬಿಟ್ಟೆ. ಸ್ಲೈಡಿನ ತುಂಬಾ ಹೊಳೆಯುವ ಕಣ! ಪೆಬ್ರಿನ್ ಅಂತ ಕೂಗಿದೆ, ಒಂದಿಡೀ ಲಾಟು ಪಕ್ಕಕ್ಕಿಡಿಸಿದೆ. ನಾವೆಲ್ಲ ಮೇಷ್ಟ್ರು ಅಂತ ಕರೆಯುತ್ತಿದ್ದ ಹಿರಿಯರು ಬಂದು, ಬಾಗಿಲ ಸನ್ನೆಯನ್ನು ಒಂದು ಬೆರಳಷ್ಟು ಸರಿಸಿದರು. ಫೋಕಸ್ ತಿರುಪನ್ನು ಆಚೆ ಈಚೆ ಆಡಿಸಿದರು. "ಗುಂಡಗಿರೋದು ಕೊಬ್ಬು ಕಣಯ್ಯ. ಹೆಸರುಕಾಳಿನ ಆಕಾರ ಇದ್ದರೆ ಆಗ ಕೂಗು." ಅವರು ಹೇಳಿದ್ದು ಅಕ್ಷರಶಃ ನಿಜ. ಕಣಕ್ಕೆ ಹೆಸರುಕಾಳಿನ ಹಾಗೆ ಎಳೆಹಸಿರು ಹೊಳಪೂ ಇರುತ್ತದೆ.

ಡಯಾಫ್ರಮ್ ಮುಚ್ಚಿದರೆ ಅಂಚು ಕಪ್ಪಾಗುತ್ತದೆ, ಆದರೆ ಬೆಳಕಿನ ಕೋನ ಕಿರಿದಾಗಿ ರೆಸಲ್ಯೂಷನ್ ಕೈಬಿಡುತ್ತದೆ. ಎರಡಕ್ಕೂ ರಾಜಿ ಬೇಕು. ಐಪೀಸ್ ಕಿತ್ತು ಕೊಳವೆಯೊಳಗೆ ನೋಡಿ. ಬೆಳಕಿನ ಒಂದು ವೃತ್ತ ಕಾಣುತ್ತದೆ. ಅದರ ಮುಕ್ಕಾಲು ಭಾಗ ಬೆಳಗುವಷ್ಟು ಬಾಗಿಲು ತೆರೆದಿರಲಿ. ಇಷ್ಟು ಕಲಿಯಲು ನನಗೆ ಒಂದು ಲಾಟಿನ ಗಾಬರಿ ಬೇಕಾಯಿತು.

ಈ ರಾಜಿಯೇ ಬೇಡ ಅಂತ ದಾರಿ ಹುಡುಕಿದವರು ಡಚ್ ವಿಜ್ಞಾನಿ ಫ್ರಿಟ್ಸ್ ಜೆರ್ನಿಕೆ. ಕಣದೊಳಗೆ ಹಾದ ಬೆಳಕು ಪಕ್ಕದ ಬೆಳಕಿಗಿಂತ ಒಂದು ಚೂರು ಹಿಂದೆ ಬೀಳುತ್ತದೆ. ನಮ್ಮ ಕಣ್ಣಿಗೆ ಬಣ್ಣ ಗೊತ್ತು, ಬೆಳಕು ಹೆಚ್ಚೋ ಕಡಿಮೆಯೋ ಗೊತ್ತು, ಹಿಂದೆ ಬಿದ್ದದ್ದು ಗೊತ್ತಾಗಲ್ಲ. ಕಂಡೆನ್ಸರಿನಲ್ಲಿ ಒಂದು ಬಳೆಯಾಕಾರದ ಕಿಂಡಿ, ಆಬ್ಜೆಕ್ಟಿವಿನಲ್ಲಿ ಅದಕ್ಕೆ ಜೋಡಿಯಾದ ಬಳೆ ಇಟ್ಟು, ಆ ಹಿಂದೆ ಬಿದ್ದದ್ದನ್ನು ಕಪ್ಪು-ಬಿಳುಪಾಗಿ ತೋರಿಸಿದರು. ಇದು ಫೇಸ್ ಕಾಂಟ್ರಾಸ್ಟ್. 1953ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. ಬಣ್ಣ ಹಾಕಬೇಕಿಲ್ಲ, ಜೀವಕೋಶವನ್ನು ಸಾಯಿಸಬೇಕಿಲ್ಲ.

ಡಾರ್ಕ್ ಫೀಲ್ಡ್ ಇನ್ನೂ ಸುಲಭ. ನೇರ ಬರುವ ಬೆಳಕಿಗೆ ತಡೆ, ಚೆದುರಿದ್ದಕ್ಕೆ ಮಾತ್ರ ಒಳಗೆ ಪ್ರವೇಶ. ಹೆಂಚಿನ ಸಂದಿಯ ಬಿಸಿಲುಕೋಲಿನಲ್ಲಿ ಧೂಳು ಮಿನುಗೋದನ್ನು ನೋಡಿದ್ದೀರಲ್ಲ, ಅದೇ. ಫ್ಲೋರೆಸೆನ್ಸ್ ಅಂದರೆ ಒಂದು ಬಣ್ಣದ ಬೆಳಕು ಬಿಟ್ಟು, ಹಚ್ಚಿದ ಬಣ್ಣ ವಾಪಸ್ ಸೂಸುವ ಬೇರೆ ಬೆಳಕನ್ನು ನೋಡೋದು. ಕ್ಷಯದ ಕಫ ಪರೀಕ್ಷೆಗೆ ಇದನ್ನು ಬಳಸುತ್ತಾರೆ. ಅಬ್ಬೆಯ ಮಿತಿಯನ್ನೂ ಈ ಫ್ಲೋರೆಸೆನ್ಸಿನಿಂದಲೇ ಉಪಾಯವಾಗಿ ದಾಟಿದ್ದಾರೆ. ಎಲ್ಲ ಅಣುಗಳೂ ಒಟ್ಟಿಗೆ ಬೆಳಗದ ಹಾಗೆ ನೋಡಿಕೊಂಡರು. ಬೆಟ್ಸಿಗ್, ಹೆಲ್, ಮೋರ್ನರ್ ಮೂವರಿಗೆ ಇದಕ್ಕಾಗಿ 2014ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು. ನಮ್ಮ ಕೋಠಿಗೆ ಅಂಥದ್ದು ಬೇಕಿಲ್ಲ, ಬಂದರೆ ಇಡಲು ಜಾಗವೂ ಇಲ್ಲ.

ಮಕ್ಕಳಿಗೆ ಕೊಡಿಸುವುದಾದರೆ ಡಬ್ಬಿ ಮೇಲಿನ ಸಂಖ್ಯೆ ಬಿಡಿ, ಆಬ್ಜೆಕ್ಟಿವ್ ಮೇಲೆ ಎನ್.ಎ. ಕೆತ್ತಿದೆಯಾ ನೋಡಿ. ಇಲ್ಲದಿದ್ದರೆ ದುಡ್ಡು ಉಳಿಸಿ. 100ರ ಮಸೂರ, ಎನ್.ಎ. 1.25 ಇದ್ದರೆ ಮಧ್ಯೆ ಒಂದು ಹನಿ ಇಮ್ಮರ್ಷನ್ ಎಣ್ಣೆ ಬೇಕು. ಗಾಳಿಯಲ್ಲಿ ಎನ್.ಎ. 1 ಮುಟ್ಟೋದಿಲ್ಲ. ಎಣ್ಣೆ ಗಾಜಿನಷ್ಟೇ ಬೆಳಕನ್ನು ಬಾಗಿಸುವುದರಿಂದ ಓರೆ ಕಿರಣಗಳು ತಪ್ಪಿಸಿಕೊಳ್ಳಲ್ಲ. ನೋಡಿ ಮುಗಿದ ಮೇಲೆ ಲೆನ್ಸ್ ಪೇಪರಿನಲ್ಲಿ ಒರೆಸಿ. ಪಂಚೆ ಅಂಚಿನಲ್ಲಿ ಒರೆಸಿ ಗೀರು ಬಿದ್ದ ಮಸೂರವೊಂದು ನಮ್ಮ ಕೋಠಿಯ ಕಪಾಟಿನಲ್ಲಿ ಈಗಲೂ ಇದೆ. ಯಾರ ಪಂಚೆ ಅಂತ ಕೇಳಬೇಡಿ.