ಕತ್ತಲಲ್ಲಿ ಇಡುವ ಮೊಟ್ಟೆಗಳು

11 ಫೆಬ್ರವರಿ 2024, ಭಾನುವಾರ

ಗ್ರೀನ್‌ಲೆಂಡ್ ಸಮುದ್ರದ ಆಳದಲ್ಲಿ ಚಳಿಗಾಲವು ಕ್ಯಾಲನಸ್ ಹೈಪರ್ಬೋರಿಯಸ್ ಎಂಬ ಕೋಪೆಪಾಡ್ ಮೊಟ್ಟೆಯಿಡುವ ಕಾಲ. ಸಿಗಡಿ, ಏಡಿಗಳ ಬಳಗಕ್ಕೆ ಸೇರಿದ, ಕೆಲವೇ ಮಿಲಿಮೀಟರ್ ಉದ್ದದ ಈ ಜೀವಿ ತಿಂಗಳುಗಳಿಂದ ಏನನ್ನೂ ತಿಂದಿರುವುದಿಲ್ಲ. ಕತ್ತಲಿನಿಂದಾಗಿ ಮೇಲಿನ ನೀರಿನಲ್ಲಿ ತಿನ್ನಲು ಸೂಕ್ಷ್ಮಪಾಚಿಯೂ ಇರುವುದಿಲ್ಲ. ಹಿಂದಿನ ಬೇಸಿಗೆಗಳಲ್ಲಿ ಮೈಯೊಳಗಿನ ಎಣ್ಣೆಚೀಲವೆಂಬ ಕಣಜದಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸಿಯೇ ಅದು ಸಂತಾನವನ್ನು ಸಿದ್ಧಪಡಿಸುತ್ತದೆ. ಕೊಬ್ಬು ತುಂಬಿದ ಆ ಮೊಟ್ಟೆಗಳು ನೀರಿಗಿಂತ ಹಗುರವಾದ್ದರಿಂದ ತಾವಾಗಿಯೇ ಮೇಲೇರುತ್ತವೆ, ಮತ್ತು ವಸಂತದ ಪಾಚಿ ಬೆಳೆಯುವ ಹೊತ್ತಿಗೆ ಮರಿಗಳು ಅಲ್ಲಿರುತ್ತವೆ.

ಅದೇ ಕುಲದ ಇನ್ನೊಂದು ಪ್ರಭೇದವಾದ ಕ್ಯಾಲನಸ್ ಫಿನ್ಮಾರ್ಕಿಕಸ್‌ನ ದಾರಿ ಬೇರೆ. ಟ್ರಾಂಡ್‌ಹೈಮ್‌ನ ಬಿಷಪ್ ಗುನ್ನೆರುಸ್ 1770ರಲ್ಲಿ ವಿವರಿಸಿದ ಈ ಜೀವಿ ನಾರ್ವೇಜಿಯನ್ ಸಮುದ್ರದ ಆಳದಲ್ಲಿ, ಪ್ರೌಢಾವಸ್ಥೆಗೆ ಒಂದೇ ಹೆಜ್ಜೆ ಬಾಕಿ ಇರುವಾಗ, ಬೆಳವಣಿಗೆಯನ್ನು ತಡೆಹಿಡಿದು ಚಳಿಗಾಲವನ್ನು ಕಳೆಯುತ್ತದೆ. ಚಳಿಗಾಲದ ಕೊನೆಯಲ್ಲಿ ಮೊದಲು ಗಂಡುಗಳು ಪ್ರೌಢವಾಗುತ್ತವೆ; ಅವು ಹೆಣ್ಣಿಗೆ ವೀರ್ಯದ ಪೊಟ್ಟಣವನ್ನು ಅಂಟಿಸಿ, ಹೆಣ್ಣುಗಳಿಗಿಂತ ಬೇಗ ಸಾಯುತ್ತವೆ. ಹೆಣ್ಣು ಮಾತ್ರ ಮೇಲೇರಿ, ಪಾಚಿಯನ್ನು ತಿನ್ನುತ್ತಾ ತಿನ್ನುತ್ತಾ ಮೊಟ್ಟೆಗಳನ್ನು ನೀರಿಗೆ ಬಿಡುತ್ತದೆ. ಮರಿಗೆ ನಾಪ್ಲಿಯಸ್ ಎಂಬ ಎಳೆಯ ರೂಪದ ಆರು ಹಂತಗಳು, ಆಮೇಲೆ ಕೋಪೆಪೊಡೈಟ್ ಎಂಬ ಬೆಳೆದ ರೂಪದ ಆರು ಹಂತಗಳು. ಮೊದಲ ಎರಡು ಹಂತಗಳಲ್ಲಿ ಅದು ಏನನ್ನೂ ತಿನ್ನದೆ ಮೊಟ್ಟೆಯ ಕೊಬ್ಬಿನಲ್ಲೇ ಬದುಕುತ್ತದೆ. ಮೂರನೆಯದರಲ್ಲಿ ಆಹಾರ ಸಿಗದಿದ್ದರೆ ಉಳಿಗಾಲವಿಲ್ಲ. ಇಡೀ ಬಾಳಿನಲ್ಲಿ ಇಷ್ಟು ಇಕ್ಕಟ್ಟಾದ ಘಟ್ಟ ಬೇರೊಂದಿಲ್ಲವೆಂದು ನನಗನಿಸುತ್ತದೆ.

ಮೊಟ್ಟೆಯಿಡುವ ದಾರಿಯಲ್ಲಿ ಇವೆರಡರ ನಡುವಿನದು ಮೂರನೆಯ ಪ್ರಭೇದವಾದ ಕ್ಯಾಲನಸ್ ಗ್ಲೇಸಿಯಾಲಿಸ್. ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಇರುವ, ಆರ್ಕ್ಟಿಕ್‌ನ ಸ್ವಾಲ್ಬಾರ್ಡ್ ದ್ವೀಪಗಳ ಕಾಂಗ್ಸ್‌ಫ್ಯೋರ್ಡನ್ ಎಂಬ ಕಡಲಚಾಚಿನಲ್ಲಿ ಈ ಮೂರೂ ಒಟ್ಟಿಗೆ ಸಿಗುತ್ತವೆ. ಹಿಮಗಟ್ಟಿದ ಕಡಲಿನಲ್ಲಿ ಗ್ಲೇಸಿಯಾಲಿಸ್‌ನ ಹೆಣ್ಣು ಮಂಜುಗಡ್ಡೆಯ ಅಡಿಗೆ ಅಂಟಿ ಬೆಳೆಯುವ ಪಾಚಿಯನ್ನು ತಿಂದು ಬೇಗನೆ ಮೊಟ್ಟೆಯಿಡುತ್ತದೆ. ಗಡ್ಡೆ ಕರಗಿ ತೆರೆದ ನೀರಿನಲ್ಲಿ ಪಾಚಿ ಹಬ್ಬುವ ವೇಳೆಗೆ ಮರಿಗಳು ತಿನ್ನುವ ಹಂತವನ್ನು ಮುಟ್ಟಿರುತ್ತವೆ. ಎರಡು ಪಾಚಿಕಾಲಗಳ ನಡುವಿನ ಅಂತರವೇ ಅದರ ಬದುಕಿಗೆ ಆಧಾರ. ಕಡಲು ಬಿಸಿಯಾಗಿ ಗಡ್ಡೆ ಬೇಗ ಕರಗಿದರೆ ಆ ಅಂತರ ಕಿರಿದಾಗುತ್ತದೆ, ಮರಿಗಳು ಬೆಳೆಯುವ ಮುನ್ನವೇ ಪಾಚಿಯ ಸುಗ್ಗಿ ಮುಗಿದುಹೋಗಬಹುದು. ಸ್ವಾಲ್ಬಾರ್ಡ್‌ನ ಪುಟ್ಟ ಆಕ್ ಎಂಬ ಕಡಲಹಕ್ಕಿಗಳು ತಮ್ಮ ಮರಿಗಳಿಗೆ ಉಣಿಸುವುದು ಕೊಬ್ಬು ತುಂಬಿದ ಈ ಕೋಪೆಪಾಡ್‌ಗಳನ್ನೇ ಆದ್ದರಿಂದ, ಕೆಲವು ವಾರಗಳ ಈ ಹೊಂದಾಣಿಕೆ ತಪ್ಪಿದರೆ ನಷ್ಟ ನೀರಿನೊಳಗೇ ಉಳಿಯುವುದಿಲ್ಲ.