ತಾರಸಿಯ ಬೋನ್ಸಾಯ್‌ಗೆ ಒಂಟಿಕಾಲಿನ ಸ್ಟ್ಯಾಂಡ್

ಪ್ರದರ್ಶನದಲ್ಲಿ ಬೋನ್ಸಾಯ್ ಕೆಳಗೆ ಕಾಣುವ ನುಣುಪಾದ ಪೀಠ ಒಳಾಂಗಣದ್ದು, ಅದೂ ನಾಲ್ಕು ದಿನದ ಮಟ್ಟಿಗೆ. ವರ್ಷವಿಡೀ ಬಿಸಿಲು, ಮಳೆ, ದಿನಾ ಹೂಜಿಗಟ್ಟಲೆ ನೀರು ತಡೆಯಬೇಕಾದ ಸ್ಟ್ಯಾಂಡಿನ ಲೆಕ್ಕವೇ ಬೇರೆ. ಭಾರಕ್ಕೆ ಅದು ಮುರಿಯುವುದು ಅಪರೂಪ. ನೀರು ನಿಂತ ಜಾಗದಲ್ಲಿ ಕೊಳೆತೇ ಹಾಳಾಗುವುದು.

ಬೆಂಗಳೂರಿನ ತಾರಸಿಯ ಮೇಲೆ, 18 × 13 ಇಂಚಿನ ಟ್ರೇಯಲ್ಲಿರುವ ಒಂದು ಗೋಣಿ ಅಥವಾ ಬಸರಿ ಗಿಡಕ್ಕೆ ಈ ಅಳತೆ. 3 ಇಂಚು ಆಳದ ಟ್ರೇ ಆದರೆ ಒದ್ದೆ ಮಣ್ಣು ಸೇರಿ 22ರಿಂದ 25 ಕೆಜಿ ತೂಗುತ್ತದೆ. ಎತ್ತರ 3 ಅಡಿ. ನೆಲಕ್ಕೆ ಹತ್ತಿರ ಇಟ್ಟರೆ ಏಪ್ರಿಲ್ ಮಧ್ಯಾಹ್ನ ಕಾದ ಕಾಂಕ್ರೀಟಿನ ಬಿಸಿ ನೇರ ಬೇರಿಗೆ ತಾಗುತ್ತದೆ.

ಮೊದಲು ಬುಡ. ಹಳೆ ಪೇಂಟ್ ಬಕೆಟ್ಟಿನಲ್ಲಿ ಕಾಂಕ್ರೀಟ್ ತುಂಬಿ ಕಂಬ ನೆಡುವುದು ಸುಲಭವೆನಿಸುತ್ತದೆ, ಆದರೆ ಅದು ಬೇಡವೇ ಬೇಡ. 20 ಲೀಟರಿನ ಬಕೆಟ್ 48 ಕೆಜಿ ತೂಗಿದರೂ ತಳ ಕಿರಿದು. ಮೇಲೆ ಗಿಡ ಕೂತರೆ, 15–16 ಡಿಗ್ರಿ ವಾಲಿದ ಕೂಡಲೇ ಉರುಳುತ್ತದೆ. 18 ಇಂಚು ಚೌಕ, 6 ಇಂಚು ದಪ್ಪದ ಹಲಗೆಯಚ್ಚಿನಲ್ಲಿ ಹಾಕಿ. ತೂಕ 73 ಕೆಜಿ, 30 ಡಿಗ್ರಿ ವಾಲಿದರೂ ತಾನೇ ಹಿಂದಕ್ಕೆ ಕೂರುತ್ತದೆ. ಸಿಮೆಂಟ್ 10 ಕೆಜಿ, ಮರಳು 13–14 ಲೀಟರ್, ಮುಕ್ಕಾಲು ಇಂಚಿನ ಜಲ್ಲಿ 27 ಲೀಟರ್ ಹಿಡಿಯುತ್ತದೆ. ಕೆಳಗೆ ಗೋಡೆಯೋ ಬೀಮೋ ಇರುವ ಕಡೆಯೇ ಹಾಕಬೇಕು, ಸ್ಲ್ಯಾಬಿನ ನಡುಮಧ್ಯೆ ಅಲ್ಲ. ಪ್ಲಾಸ್ಟಿಕ್ ಹಾಳೆ ಹಾಸಿ, ಒಂದು ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ಎರಡು ಸೀಳುಗಳನ್ನು ತಾರಸಿಯ ವಾಟದ ದಿಕ್ಕಿಗೆ ಬೋರಲು ಮಲಗಿಸಿ ಆಮೇಲೆ ಕಾಂಕ್ರೀಟ್ ಸುರಿಯಿರಿ. ಆ ಎರಡು ಕಾಲುವೆ ಇಲ್ಲದಿದ್ದರೆ ಮಳೆನೀರು ಬುಡಕ್ಕೆ ಅಡ್ಡಗಟ್ಟಿ ನಿಂತು ತಾರಸಿ ಜಿನುಗಲು ಶುರುವಾಗುತ್ತದೆ. ಏಳು ದಿನ ಗೋಣಿತಾಟು ಹೊದಿಸಿ ಒದ್ದೆಯಾಗಿಡಿ.

ಕಂಬಕ್ಕೆ ಮರ ಬೇಡ. ಕಾಂಕ್ರೀಟಿನಿಂದ ಹೊರಬರುವ ಕತ್ತಿನಲ್ಲೇ ಅದು ಕೊಳೆಯುತ್ತದೆ. 2 ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್, ಉದ್ದ 32 ಇಂಚು. ಕಾಂಕ್ರೀಟ್ ಸುರಿಯುವ ಮೊದಲೇ ಅಚ್ಚಿನಲ್ಲಿ ನಿಲ್ಲಿಸಿ, ಕೆಳತುದಿ ನೆಲದಿಂದ ಒಂದು ಇಂಚು ಮೇಲಿರಲಿ. ಹೂತುಹೋಗುವ ಭಾಗಕ್ಕೆ ಒಂದಡಿಯ ಎರಡು ಸರಳು ಅಡ್ಡಡ್ಡ ಬೆಸುಗೆ ಹಾಕಿಸಿ, ಇಲ್ಲದಿದ್ದರೆ ಪೈಪ್ ಕಾಲಕ್ರಮೇಣ ತಿರುಗುತ್ತದೆ. ಮೇಲ್ತುದಿಗೆ 10 ಇಂಚು ಚೌಕದ, 5 ಮಿಮೀ ದಪ್ಪದ ಪ್ಲೇಟ್. ಬೆಸುಗೆ ಸುತ್ತಲೂ ಪೂರ್ತಿ ಆಗಬೇಕು. ಬೆಸುಗೆಯಲ್ಲಿ ಸತು ಸುಟ್ಟುಹೋಗಿರುವುದರಿಂದ ಉಜ್ಜಿ ಜಿಂಕ್ ಪ್ರೈಮರ್ ಎರಡು ಕೋಟ್ ಬಳಿಯಿರಿ. ಕಾಂಕ್ರೀಟಿನ ಮೇಲ್ಮೈ ಪೈಪಿನಿಂದ ಆಚೆಗೆ ಇಳಿಜಾರಾಗಿರಲಿ.

ಟ್ರೇ ಕೂರುವ ಮೇಲಿನ ಪಟ್ಟಿಗಳಿಗೆ ಹಳೆ ಬಾಗಿಲಿನ ತೇಗ, ಇಲ್ಲವೇ ಹಲಸು. ಸಿಲ್ವರ್ ಓಕ್, ಪ್ಯಾಕಿಂಗ್ ಪೈನ್ ಮಳೆಗೆ ಬೇಗ ಮೆತ್ತಗಾಗುತ್ತವೆ; ಪ್ಲೈವುಡ್ ಪದರ ಬಿಡುತ್ತದೆ. 22 ಇಂಚು ಉದ್ದ, ಎರಡೂವರೆ ಇಂಚು ಅಗಲ, ಒಂದು ಇಂಚು ದಪ್ಪದ ಆರು ಪಟ್ಟಿ, ನಡುವೆ 10 ಮಿಮೀ ಸಂದು ಬಿಟ್ಟರೆ ಒಟ್ಟು ಅಗಲ 17 ಇಂಚು, ಟ್ರೇಯ ಸುತ್ತ ಎರಡೆರಡು ಇಂಚು ಉಳಿಯುತ್ತದೆ. ಕೆಳಗೆ 2 ಇಂಚು ದಪ್ಪದ ಎರಡು ಅಡ್ಡರೀಪು, 15 ಇಂಚು ಉದ್ದ, ಪ್ಲೇಟಿಗೆ 8 ಮಿಮೀ ಬೋಲ್ಟ್. ಪಟ್ಟಿ–ರೀಪು ಕೂಡುವಲ್ಲೆಲ್ಲ ಎರಡು ಇಂಚಿನ ಸ್ಟೇನ್‌ಲೆಸ್ ಸ್ಕ್ರೂ ಎರಡೆರಡು, ಒಟ್ಟು 24. ಮೊದಲು 3 ಮಿಮೀ ತೂತು ಕೊರೆಯದಿದ್ದರೆ ಪಟ್ಟಿಯ ತುದಿ ಸೀಳುತ್ತದೆ. ಬರಿಯ ಕಬ್ಬಿಣದ ಸ್ಕ್ರೂ ಹಾಕಿದರೆ ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶದ ಜೊತೆ ಸೇರಿ ಸುತ್ತಲೂ ಕಪ್ಪು ಕಲೆ ಬಿಡುತ್ತದೆ.

ಒಂದು ಹಳೆ ಸ್ಟ್ಯಾಂಡಿನ ಪಟ್ಟಿ ಎಬ್ಬಿಸಿ ತಿರುಗಿಸಿ ನೋಡಿ. ಉಳಿದ ಮರವೆಲ್ಲ ಬೂದುಬಣ್ಣಕ್ಕೆ ತಿರುಗಿ ಗಟ್ಟಿಯಾಗಿಯೇ ಇರುತ್ತದೆ. ರೀಪು ತಾಗಿದ್ದಷ್ಟೇ ಅಗಲಕ್ಕೆ ಕಪ್ಪು ಪಟ್ಟೆ, ಉಗುರು ಒತ್ತಿದರೆ ಒಳಗಿಳಿಯುತ್ತದೆ. ಮರಕ್ಕೆ ಮರ ಅಂಟಿ ಕೂತಲ್ಲಿ ನೀರು ಆರುವುದೇ ಇಲ್ಲ. ಪರಿಹಾರ ಅಗ್ಗದ್ದು: ಪ್ರತಿ ಸ್ಕ್ರೂಗೆ ಪಟ್ಟಿ ಮತ್ತು ರೀಪಿನ ನಡುವೆ 3 ಮಿಮೀ ದಪ್ಪದ ನೈಲಾನ್ ವಾಷರ್. ಇಡೀ ಕೆಲಸದಲ್ಲಿ ಇದೊಂದನ್ನು ಮಾತ್ರ ಬಿಡಬೇಡಿ.

ವಾರ್ನಿಷ್ ಬಿಸಿಲಿಗೆ ಬಿರಿಯುತ್ತದೆ, ಬಿರುಕಿನೊಳಗೆ ಹೋದ ನೀರು ಹೊರಬರುವುದಿಲ್ಲ. ‘ಬಾಯಿಲ್ಡ್ ಲಿನ್‌ಸೀಡ್ ಆಯಿಲ್’ ಎಂದು ಮಾರುವ ಕುದಿಸಿದ ಅಗಸೆ ಎಣ್ಣೆಯೇ ವಾಸಿ. ಮೊದಲ ಕೋಟಿಗೆ ಅರ್ಧಕ್ಕರ್ಧ ಟರ್ಪೆಂಟೈನ್ ಸೇರಿಸಿ, ಇಪ್ಪತ್ತು ನಿಮಿಷ ಬಿಟ್ಟು ಒರೆಸಿ. ಪಟ್ಟಿಯ ಕೊಯ್ದ ತುದಿಗಳಿಗೆ ಅವು ಹೀರುವುದು ನಿಲ್ಲುವವರೆಗೆ ಕುಡಿಸಿ. ಒರೆಸಿದ ಬಟ್ಟೆಯನ್ನು ಮುದುರಿ ಎಸೆಯಬೇಡಿ, ತಾನಾಗೇ ಹೊತ್ತಿಕೊಳ್ಳಬಹುದು. ನೀರಲ್ಲಿ ಅದ್ದಿ ಬಿಡಿಸಿ ಹರವಿ. ಆಮೇಲೆ ವರ್ಷಕ್ಕೊಂದು ಕೋಟ್, ಮುಂಗಾರಿಗೆ ಮುಂಚೆ.

ಕೊನೆಗೆ ರಸಮಟ್ಟ ಇಟ್ಟು ನೋಡಿ. ಒಂದು ಕಡೆ ವಾಲಿದ್ದರೆ ಟ್ರೇಯ ಆ ಮೂಲೆಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಎದುರು ಮೂಲೆ ಒಣಗುತ್ತದೆ. ಮೇ ತಿಂಗಳ ಗಾಳಿಮಳೆಗೆ ಮೊದಲು 2 ಮಿಮೀ ಅಲ್ಯೂಮಿನಿಯಂ ತಂತಿಯನ್ನು ಪಟ್ಟಿಯ ಸಂದಿನಿಂದ ತಂದು, ಟ್ರೇಯ ಅಂಚಿಗೆ ರಬ್ಬರ್ ತುಂಡು ಇಟ್ಟು, ಎರಡು ಕಡೆ ಬಿಗಿಯಿರಿ. ತಿರುಚಿದ ಗಂಟು ಕೆಳಗಿರಲಿ.