ಅಮ್ಮನ ಕವಳ, ಪಿಕಪ್ಪಿನ ಪ್ಲೇಟು

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹತ್ತಿರ ಹತ್ತಿರ 60 ಕಿಲೋಮೀಟರ್. ಅಮ್ಮನ ಮಂಡಿನೋವಿಗೆ ತಿಂಗಳಿಗೊಮ್ಮೆ ಅಲ್ಲಿಗೆ ಹೋಗುವುದಿರುತ್ತದೆ. ಮನೆಯ ಕಾರು ತಮ್ಮನ ಜೊತೆ ಬೆಂಗಳೂರು ಸೇರಿದೆ. ಇಲ್ಲಿ ಉಳಿದಿರುವುದು ನಮ್ಮ ಪಿಕಪ್ ಒಂದೇ. 2009ರ ಮಾಡೆಲ್, ನಾನು ಮೂರನೇ ಓನರ್. ಅಡಿಕೆ, ಗೊಬ್ಬರ, ದರಗು, ಸಿಮೆಂಟು ಎಲ್ಲ ಹೊತ್ತಿದೆ. ಒಮ್ಮೆ ಪಕ್ಕದ ಮನೆಯವರ ಎಮ್ಮೆಯನ್ನೂ ಹೊತ್ತಿದೆ. ಎಮ್ಮೆ ಏನೂ ದೂರಲಿಲ್ಲ. ಅಮ್ಮ ದೂರಿದಳು.

ಅಮ್ಮನಿಗೆ ಗಂಟೆಗೊಂದು ಕವಳ, ಅಂದರೆ ಎಲೆಅಡಿಕೆ, ಆಗಬೇಕು. ಕಳೆದ ಮಳೆಗಾಲ ಮುಗಿದ ಮೇಲೆ ಹೊರಟಿದ್ದೆವು. ಮಂಡಗದ್ದೆ ಹತ್ತಿರ ಎಲೆಯ ತೊಟ್ಟು ಮುರಿದು, ಸುಣ್ಣದ ಡಬ್ಬಿಗೆ ಬೆರಳು ಹಾಕಿದ್ದಳು. ಅಷ್ಟರಲ್ಲಿ ಒಂದು ಹೊಂಡ. ಗಾಡಿಯ ಹಿಂಭಾಗ ಎಗರಿತು, ಡಬ್ಬಿ ಮಡಿಲಿಂದ ಹಾರಿ ಗೇರ್ ಲಿವರ್ ಬುಡಕ್ಕೆ ಬಿತ್ತು.

"ಎಂಥ ಗಾಡಿ ಮಾರಾಯ ಇದು! ನಿನ್ನ ಅಜ್ಜನ ಎತ್ತಿನ ಗಾಡಿನೇ ವಾಸಿ ಇತ್ತು."

ಅದಕ್ಕೆ ಸ್ಪ್ರಿಂಗೇ ಇರಲಿಲ್ಲ ಅಲ್ವಾ ಅಂದೆ.

"ಇದಕ್ಕೆ ಇದ್ದು ಏನು ಬಂತು?"

ಉತ್ತರ ಹೊಳೆಯಲಿಲ್ಲ. ವಿಚಿತ್ರ ಅಂದರೆ ಅದೇ ದಾರಿಯಲ್ಲಿ ಒಂದು ಟನ್ ಅಡಿಕೆ ಹೇರಿಕೊಂಡು ಮಂಡಿಗೆ ಹೋಗುವಾಗ ಇದೇ ಗಾಡಿ ಬಸ್ಸಿನ ಹಾಗೆ ತೂಗಾಡುತ್ತಾ ಹೋಗುತ್ತದೆ. ಖಾಲಿ ಇದ್ದಾಗ ಮಾತ್ರ ಮೇಕೆ ಮರಿ.

ಊರಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: ಶಾಕಪ್ ಹೋಗಿದೆ, ಬದಲಾಯಿಸು. ನೋಡಿದರೆ ಹಿಂದಿನ ಬಲಗಡೆಯದ್ದು ನಿಜಕ್ಕೂ ಲೀಕ್ ಆಗಿತ್ತು, ಮೈಯೆಲ್ಲ ಎಣ್ಣೆ, ಅದರ ಮೇಲೆ ಧೂಳು. ಸರಿ ಅಂತ ಹಿಂದಿನ ಎರಡನ್ನೂ ಬದಲಾಯಿಸಿದೆ. ಅಂಗಡಿಯವರು 'ಹೆವಿ ಡ್ಯೂಟಿ' ಅಂತ ಕೊಟ್ಟಿದ್ದು, 3,800 ರೂಪಾಯಿ. ಒಂದು ಹಂಪ್ ದಾಟಿದ ಮೇಲೆ ಮೂರು ಸಲ ಎಗರುವುದು ನಿಂತಿತು. ಆದರೆ ಸಣ್ಣ ಕಲ್ಲು ಸಿಕ್ಕರೂ ಸೀದಾ ಸೊಂಟಕ್ಕೆ ಬರತೊಡಗಿತು. ಮೊದಲಿಗಿಂತ ಕೆಟ್ಟದಾಯ್ತು.

ಆಮೇಲೆ ಅರ್ಥವಾದದ್ದು ಇಷ್ಟು. ಗಾಡಿಯನ್ನು ಮೆತ್ತಗೆ ಮಾಡುವುದು ಶಾಕಪ್ಪಿನ ಕೆಲಸವೇ ಅಲ್ಲ. ಹೊಂಡದ ಏಟು ತಿನ್ನುವುದು ಸ್ಪ್ರಿಂಗು. ಏಟು ತಿಂದ ಸ್ಪ್ರಿಂಗು ಸುಮ್ನೆ ಕುಣಿಯುತ್ತಾ ಇರದ ಹಾಗೆ ಹಿಡಿಯುವುದು ಶಾಕಪ್ಪು. ಸ್ಪ್ರಿಂಗೇ ಬಗ್ಗದಿದ್ದರೆ ಶಾಕಪ್ ಏನು ಹಿಡಿಯಬೇಕು? ಅದರ ಮೇಲೆ ಬಿಗಿ ಶಾಕಪ್ ಹಾಕಿದರೆ ಇದ್ದಬದ್ದ ಅಲುಗಾಟವೂ ಹೋಗುತ್ತದೆ. 3,800 ಕೊಟ್ಟು ಕಲಿತ ಪಾಠ.

ಹಾಗಾದರೆ ಸ್ಪ್ರಿಂಗು ಎಷ್ಟು ಬಗ್ಗುತ್ತದೆ? ತೋಟದ ಟ್ಯಾಂಕಿಗೆ ಸಿಮೆಂಟು ತರುವುದಿತ್ತು. ಅಂಗಡಿ ಎದುರು ಹಿಂಚಕ್ರದ ನಡುವಿನಿಂದ ಬಾಡಿಯ ಅಂಚಿಗೆ ಟೇಪು ಹಿಡಿದು ಅಳೆದೆ. 50 ಕೆಜಿಯ ಹತ್ತು ಮೂಟೆಯನ್ನು ಆಕ್ಸಲ್ ನೇರಕ್ಕೆ ಹೇರಿಸಿ ಮತ್ತೆ ಅಳೆದೆ. ಇಳಿದದ್ದು ಬರೀ 3.2 ಸೆಂಟಿಮೀಟರ್. ಅರ್ಧ ಟನ್ನಿಗೆ ಎರಡು ಬೆರಳಿನಷ್ಟು! ಹಾಗಿರುವಾಗ ಖಾಲಿ ಗಾಡಿಯಲ್ಲಿ ಅದು ಬಗ್ಗುವುದಾದರೂ ಹೇಗೆ? ಚಕ್ರ ಹೊಂಡಕ್ಕೆ ಬಿದ್ದಾಗ ಚಕ್ರ ಮಾತ್ರ ಇಳಿದು ಹತ್ತಬೇಕು. ನಮ್ಮದರಲ್ಲಿ ಇಡೀ ಹಿಂಭಾಗವೇ ಇಳಿದು ಹತ್ತುತ್ತಿತ್ತು. ಸಿಮೆಂಟು ಹೇರುತ್ತಿದ್ದ ಹುಡುಗರು ನನ್ನನ್ನು ನೋಡಿದ ನೋಟದ ಬಗ್ಗೆ ಬರೆಯುವುದು ಬೇಡ.

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಸ್ಪ್ರಿಂಗ್ ಕೆಲಸ ಮಾತ್ರ ಮಾಡುವ ಒಬ್ಬರು ಭಾಯ್ ಸಿಕ್ಕರು. ಹಿಂದಿನ ಸ್ಪ್ರಿಂಗು ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಕಟ್ಟು. ಕೆಳಗೆ ಬಗ್ಗಿ, ಆ ಪಟ್ಟಿಗಳನ್ನು ಬೆರಳಲ್ಲಿ ಎಣಿಸಿದರು. "ಎಂಟು ಪ್ಲೇಟ್ ಇದೆ ಸರ್. ಕಂಪನಿದು ಆರೇ. ಎರಡು ಯಾರೋ ಹಾಕ್ಸಿದಾರೆ. ಮರಳು ಹೊಡೀತಿದ್ರಾ?"

ನಾನಲ್ಲ, ಹಿಂದಿನವರು ಇರಬಹುದು ಅಂದೆ.

ಹಾಕಿಸಿದ ಎರಡೂ ಉಳಿದ ಪ್ಲೇಟಿಗಿಂತ ದಪ್ಪ. ಇಲ್ಲೊಂದು ಲೆಕ್ಕ ಇದೆ. ಪಟ್ಟಿಯ ದಪ್ಪ ಎರಡರಷ್ಟಾದರೆ ಅದರ ಬಿಗಿ ಎರಡರಷ್ಟಾಗುವುದಿಲ್ಲ, ಎಂಟರಷ್ಟಾಗುತ್ತದೆ. ಹಾಗಾಗಿ ದಪ್ಪದ ಒಂದು ಪ್ಲೇಟು ಸೇರಿಸಿದರೂ ತೆಳ್ಳಗಿನ ಎರಡು ಮೂರು ಸೇರಿಸಿದ ಹಾಗೆ. ಜಾಸ್ತಿ ಮಾಲು ಹೇರುವವರಿಗೆ ಅದು ಖುಷಿ. ನನಗೆ ವರ್ಷದಲ್ಲಿ ನಾಲ್ಕೈದು ಸಲ ಒಂದು ಟನ್ ಹೊರುವುದಿದೆ, ಅದಕ್ಕೆ ಕಂಪನಿಯ ಆರು ಪ್ಲೇಟು ಸಾಕು.

ಬಿಚ್ಚುವಾಗ ನಾನು ಅಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಚಾಸಿಗೆ ಜಾಕಿ ಕೊಟ್ಟು ಸ್ಟ್ಯಾಂಡ್ ಮೇಲೆ ನಿಲ್ಲಿಸಿದರು. ಸ್ಪ್ರಿಂಗನ್ನು ಆಕ್ಸಲ್ಲಿಗೆ ಕಟ್ಟುವ ಯು ಬೋಲ್ಟಿನ ನಟ್ಟುಗಳು ತುಕ್ಕು ಹಿಡಿದು ಕಲ್ಲಾಗಿದ್ದವು, ಕಡೆಗೆ ಗ್ಯಾಸಿನಲ್ಲಿ ಕತ್ತರಿಸಿದರು. ಕಟ್ಟು ಬಿಚ್ಚಿ ನೆಲಕ್ಕೆ ಇಟ್ಟಾಗ ಪ್ಲೇಟುಗಳು ಬೇರೆಯಾಗಲೇ ಇಲ್ಲ. ನಡುವಿನ ಬೋಲ್ಟ್ ತೆಗೆದ ಮೇಲೂ ಎಂಟೂ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಸುತ್ತಿಗೆಯಲ್ಲಿ ಬಡಿದರು. ನಡುವಿನಿಂದ ತುಕ್ಕು ಹಪ್ಪಳದ ಹಾಗೆ ಚಕ್ಕೆ ಚಕ್ಕೆಯಾಗಿ ಉದುರಿತು. ನಮ್ಮ ಮಳೆ, ನಮ್ಮ ಕೆಸರು, ಹದಿನೈದು ವರ್ಷಕ್ಕಿಂತ ಜಾಸ್ತಿ.

ಗಾಡಿ ಸಣ್ಣ ಕಲ್ಲಿಗೂ ಯಾಕೆ ಕುಟ್ಟುತ್ತಿತ್ತು ಅಂತ ನನಗೆ ಅಲ್ಲಿ ಕಣ್ಣಾರೆ ಗೊತ್ತಾಯಿತು. ಪ್ಲೇಟಿನ ಸ್ಪ್ರಿಂಗು ಬಗ್ಗಬೇಕಾದರೆ ಒಂದರ ಮೇಲೊಂದು ಜಾರಬೇಕು. ತುಕ್ಕು ಹಿಡಿದರೆ ಜಾರುವುದಿಲ್ಲ. ದೊಡ್ಡ ಏಟು ಬಿದ್ದಾಗ ಕಿರ್ರ್ ಅಂತ ಬಿಡಿಸಿಕೊಂಡು ಜಾರುತ್ತದೆ, ಸಣ್ಣ ಏಟಿಗೆ ಎಂಟೂ ಸೇರಿ ಒಂದೇ ಕಬ್ಬಿಣದ ತುಂಡು. ಭಾಯ್ ಒಂದು ಪ್ಲೇಟನ್ನು ತಿರುಗಿಸಿ ತೋರಿಸಿದರು. ಕೆಳಗಿನ ಪ್ಲೇಟಿನ ತುದಿ ಮೇಲಿನದರ ಹೊಟ್ಟೆಯಲ್ಲಿ ಉಗುರಿನಷ್ಟು ಆಳದ ಗೀರು ಕೊರೆದಿತ್ತು. ಬೆರಳಾಡಿಸಿದರೆ ಸಿಕ್ಕಿಕೊಳ್ಳುತ್ತಿತ್ತು. ಬಗ್ಗುವಾಗ ತುದಿ ಆ ಗೀರಲ್ಲಿ ಕೂತು ತಡೆಯುತ್ತದಂತೆ.

ಗ್ರೈಂಡರಿನಲ್ಲಿ ತುದಿಗಳ ಚೂಪು ಹೊಡೆದು ದುಂಡಗೆ ಮಾಡಿದರು. ವೈರ್ ಬ್ರಶ್ಶಿನಲ್ಲಿ ತುಕ್ಕು ಉಜ್ಜಿ, ಬಿರುಕು ಏನಾದರೂ ಇದೆಯಾ ಅಂತ ಒಂದೊಂದನ್ನೂ ನೋಡಿ, ಕಪ್ಪಗಿನ ಗ್ರಾಫೈಟ್ ಗ್ರೀಸು ಬಳಿದು ಜೋಡಿಸಿದರು. ದೋಸೆ ಮೇಲೆ ಬೆಣ್ಣೆ ಹಚ್ಚುವ ಹಾಗೆ, ಅಂಚಿನವರೆಗೂ. ನಮ್ಮ ಕಡೆ ಮಳೆಗಾಲ ಮುಗಿದ ಕೂಡಲೇ ಸ್ಪ್ರಿಂಗಿಗೆ ಸುಟ್ಟ ಆಯಿಲ್ ಹೊಡೆಯುವ ಚಾಳಿ ಇದೆ. ನಾನೂ ಹೊಡೆದಿದ್ದೇನೆ. ಎರಡು ವಾರ ಚೆನ್ನಾಗಿರುತ್ತದೆ, ಆಮೇಲೆ ಧೂಳು ಕೂತು ಸಾಣೆಯ ಪುಡಿ ಆಗುತ್ತದೆ. ಸ್ಪ್ರಿಂಗಿನ ತುದಿಯ ತೂತಿನಲ್ಲಿ ಕೂರುವ ರಬ್ಬರ್ ಬುಶ್ಶಿಗೂ ಆಯಿಲ್ ಆಗಿಬರುವುದಿಲ್ಲ, ಊದಿಕೊಂಡು ಮೆತ್ತಗಾಗುತ್ತದೆ. ನಮ್ಮ ಗಾಡಿಯ ಬುಶ್ಶುಗಳು ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಸ್ಥಿತಿಗೆ ಬಂದಿದ್ದವು. ಎಲ್ಲ ಹೊಸದು ಹಾಕಿಸಿದೆ.

ಆ ಬುಶ್ಶಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು, ಇದನ್ನು ತಪ್ಪು ಮಾಡುವ ಗ್ಯಾರೇಜುಗಳು ಬೇಕಾದಷ್ಟಿವೆ. ಗಾಡಿ ಜಾಕಿ ಮೇಲೆ ನೇತಾಡುತ್ತಿರುವಾಗ ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ಶ್ಯಾಕಲ್ಲಿನ ಬೋಲ್ಟುಗಳನ್ನು ಪೂರ್ತಿ ಟೈಟ್ ಮಾಡಬಾರದು. ಕೈಬಿಗಿ ಬಿಟ್ಟು, ಗಾಡಿಯನ್ನು ನೆಲಕ್ಕಿಳಿಸಿ, ಅದರ ಭಾರ ಅದರ ಚಕ್ರದ ಮೇಲೆ ಕೂತ ಮೇಲೆ ಟೈಟ್ ಮಾಡಬೇಕು. ಇಲ್ಲದಿದ್ದರೆ ರಬ್ಬರು ಯಾವಾಗಲೂ ತಿರುಚಿಕೊಂಡೇ ಇರುತ್ತದೆ. ಸವಾರಿಯೂ ಬಿಗಿ, ಬುಶ್ಶೂ ಬೇಗ ಹರಿಯುತ್ತದೆ. ಭಾಯ್ ಹೇಳಿಸಿಕೊಳ್ಳದೆ ಹಾಗೇ ಮಾಡಿದರು. ಅವರ ಮೇಲೆ ನನಗೆ ನಂಬಿಕೆ ಬಂದದ್ದು ಆಗ. ಯು ಬೋಲ್ಟ್ ನಾಲ್ಕೂ ಹೊಸದು. "ಐನೂರು ಕಿಲೋಮೀಟರ್ ಓಡಿಸಿ ಬನ್ನಿ ಸರ್, ಇನ್ನೊಂದ್ಸಲ ಟೈಟ್ ಮಾಡ್ಕೊಡ್ತೀನಿ, ದುಡ್ಡು ಬೇಡ" ಅಂದರು. ಹೋದಾಗ ನಿಜಕ್ಕೂ ಕಾಲು ಸುತ್ತು ತಿರುಗಿತು.

ಎರಡು ದಪ್ಪ ಪ್ಲೇಟು ತೆಗೆದ ಮೇಲೆ ಹಿಂಭಾಗ ಎರಡೂವರೆ ಸೆಂಟಿಮೀಟರ್ ತಗ್ಗಿತು. ನೋಡಲು ಚೆನ್ನಾಗಿಯೇ ಇತ್ತು, ಮೂತಿ ನೆಲಕ್ಕೆ ಹಾಕಿಕೊಂಡು ನಿಲ್ಲುತ್ತಿದ್ದ ಗಾಡಿ ನೆಟ್ಟಗಾಯಿತು. ಆದರೆ ಆಕ್ಸಲ್ಲಿಗೂ ಚಾಸಿಗೂ ನಡುವೆ ಒಂದು ಸಣ್ಣ ಕಡ್ಡಿ ಇರುತ್ತದೆ, ಅದರ ತುದಿಗೆ ಬ್ರೇಕಿನ ವಾಲ್ವ್. ಮಾಲು ತುಂಬಿ ಹಿಂಭಾಗ ತಗ್ಗಿದರೆ ಹಿಂದಿನ ಚಕ್ರಕ್ಕೆ ಜಾಸ್ತಿ ಬ್ರೇಕ್ ಬಿಡುವುದು, ಖಾಲಿ ಇದ್ದು ಎತ್ತರ ಇದ್ದರೆ ಕಡಿಮೆ ಬಿಡುವುದು ಅದರ ಕೆಲಸ. ಪ್ಲೇಟು ಹಾಕಿಸಿದವರು ಕಡ್ಡಿಯನ್ನೂ ಆ ಎತ್ತರಕ್ಕೆ ಹೊಂದಿಸಿದ್ದರು. ಈಗ ಹಾಗೇ ಬಿಟ್ಟರೆ ಖಾಲಿ ಗಾಡಿಯನ್ನೇ ವಾಲ್ವ್ ತುಂಬಿದ ಗಾಡಿ ಅಂದುಕೊಳ್ಳುತ್ತದೆ. ಆಗುಂಬೆ ಘಾಟಿಯಲ್ಲಿ ಮಳೆಗೆ ಬ್ರೇಕ್ ಒತ್ತಿದಾಗ ಹಿಂಭಾಗ ಮುಂದಕ್ಕೆ ಬರುತ್ತದೆ. ಸ್ಪ್ರಿಂಗಿಗೆ ಕೈ ಹಾಕುವವರು ಆ ಕಡ್ಡಿಯನ್ನು ಮರೆಯಬೇಡಿ. ಕೆಲಸ ಹತ್ತು ನಿಮಿಷದ್ದು.

ಸಿಮೆಂಟು ಇನ್ನೂ ಬೇಕಿತ್ತು, ಮತ್ತೆ ಹತ್ತು ಮೂಟೆ ಹೇರಿಸಿದೆ, ಮತ್ತೆ ಟೇಪು. ಈಗ 4.5 ಸೆಂಟಿಮೀಟರ್.

ಉಳಿದದ್ದು ಚಿಲ್ಲರೆ ಕೆಲಸ, ಆದರೆ ಒಂದು ಮಾತ್ರ ನಾಚಿಕೆ ಆಗುವಂಥದ್ದು. ಟೈರಿನ ಗಾಳಿ. ಪಂಕ್ಚರ್ ಅಂಗಡಿಯವರು ಪಿಕಪ್ ಕಂಡ ಕೂಡಲೇ ಹಿಂದಕ್ಕೆ 60 ಹೊಡೆಯುತ್ತಾರೆ. ಅದು ಮಾಲು ತುಂಬಿದಾಗಿನ ಲೆಕ್ಕ. ನಾನೂ ಇಷ್ಟು ವರ್ಷ ಸುಮ್ನೆ ಹೊಡೆಸಿಕೊಂಡು ಬಂದಿದ್ದೆ. ಈಗ ಖಾಲಿ ಓಡಾಟಕ್ಕೆ ಹಿಂದೆ 40, ಮುಂದೆ 35 ಇಡುತ್ತೇನೆ, ಬೆಳಿಗ್ಗೆ ಟೈರು ತಣ್ಣಗಿರುವಾಗ ನೋಡಿ. ಅಡಿಕೆ ಹೇರುವ ದಿನ ಮೊದಲು ಗಾಳಿ, ಆಮೇಲೆ ಮೂಟೆ. ಕಡಿಮೆ ಗಾಳಿಯಲ್ಲಿ ಭಾರ ಹೊತ್ತರೆ ಟೈರು ಕಾದು ಸಿಡಿಯುತ್ತದೆ, ಅದರಲ್ಲಿ ಉದಾಸೀನ ಬೇಡ. ಶಾಕಪ್ಪಿಗೆ ಸುರಿದ ದುಡ್ಡಿಗಿಂತ ಮೊದಲು ಇದನ್ನು ಮಾಡಿದ್ದರೆ ಖರ್ಚಿಲ್ಲದೆ ಅರ್ಧ ಕುಟ್ಟು ಕಡಿಮೆಯಾಗುತ್ತಿತ್ತು. ನಿಮ್ಮ ಗಾಡಿಗೆ ಎಷ್ಟು ಅಂತ ಬಾಗಿಲ ಬಳಿಯ ಸ್ಟಿಕ್ಕರ್ ನೋಡಿ, ನನ್ನ ಲೆಕ್ಕ ನಿಮಗೆ ಬರಲಿಕ್ಕಿಲ್ಲ.

ಆ ಹೆವಿ ಡ್ಯೂಟಿ ಶಾಕಪ್ ತೆಗೆದು ಮಾಮೂಲಿಯದ್ದು ಹಾಕಿಸಿದೆ. ಸೀಟಿನ ಸ್ಪಂಜು ಚಪ್ಪಟೆಯಾಗಿ ಕೆಳಗಿನ ತಗಡು ತಾಗುತ್ತಿತ್ತು, ಅದನ್ನು ತೀರ್ಥಹಳ್ಳಿಯಲ್ಲೇ ಬದಲಾಯಿಸಿದೆ. ಹಿಂದೆ ಎರಡು ಮೂಟೆ ಮರಳು ಹಾಕಿಕೊಂಡು ಓಡಾಡು ಅಂತ ಸಲಹೆ ಕೊಟ್ಟವರೂ ಇದ್ದಾರೆ. ಕುಣಿತ ಕಡಿಮೆ ಆಗುವುದು ನಿಜ, ಆದರೆ ನೂರು ಕೆಜಿ ಮರಳಿಗೆ ದಿನಾ ಡೀಸೆಲ್ ಹಾಕಲು ನನಗೆ ಮನಸ್ಸಿಲ್ಲ. ಇನ್ನೂ ಒಂದು ಪ್ಲೇಟ್ ತೆಗೆದರೆ ಹೇಗೆ ಅಂತ ಆಸೆಯಿಂದ ಭಾಯ್ ಹತ್ತಿರ ಕೇಳಿದೆ. "ಅಡಿಕೆ ಬೇರೆ ಗಾಡೀಲಿ ಕಳಿಸ್ತೀರಾ?" ಅಂದರು. ಸುಮ್ಮನಾದೆ.

ಕಳೆದ ವಾರ ಅಮ್ಮನನ್ನು ಕರೆದುಕೊಂಡು ಹೋದೆ. ಗಾಡಿ ಕಾರಾಗಿಲ್ಲ. ದೊಡ್ಡ ಹೊಂಡಕ್ಕೆ ಈಗಲೂ ಹಿಂಭಾಗ ಒಂದು ಸಲ ಧಡ್ ಅನ್ನುತ್ತದೆ. ಆದರೆ ಮೊದಲು ಮಂಡಗದ್ದೆವರೆಗೆ ಕೈಯಲ್ಲಿ ಹಿಡಿಕೆ ಹಿಡಿದೇ ಕೂರುತ್ತಿದ್ದವಳು ಈ ಸಲ ಪಕ್ಷಿಗಳು ಬಂದಿವೆಯಾ ಅಂತ ಹೊಳೆ ಕಡೆ ನೋಡುತ್ತಿದ್ದಳು. ಸಕ್ರೆಬೈಲು ದಾಟಿದ ಮೇಲೆ ಚೀಲದಿಂದ ಎಲೆ ತೆಗೆದಳು. ತೊಟ್ಟು ಮುರಿದಳು, ತೊಡೆ ಮೇಲೆ ಒರೆಸಿದಳು, ಡಬ್ಬಿಗೆ ಬೆರಳು ಹಾಕಿ ನಿಧಾನ ಸುಣ್ಣ ಹಚ್ಚತೊಡಗಿದಳು. ನಾನು ಅದನ್ನೇ ನೋಡುತ್ತಾ ಗಾಜನೂರಿನ ಹಂಪ್ ನೋಡಲಿಲ್ಲ.

ಡಬ್ಬಿ ಮಡಿಲಲ್ಲೇ ಇತ್ತು. ಬೆರಳು ಮಾತ್ರ ಡ್ಯಾಶ್‌ಬೋರ್ಡಿಗೆ ತಾಗಿ ಒಂದು ಗೇಣುದ್ದ ಬಿಳಿ ಗೆರೆ ಎಳೆಯಿತು. "ಅದು ಗಾಡಿ ತಪ್ಪಲ್ಲ, ನಿಂದು" ಅಂದಳು.